ಆಶೀರ್ವನಂ ಮಠಕ್ಕೆ ಒಂದು ದಿನದ ಯಾತ್ರೆ

(ಶತಮಾನೋತ್ಸವ ವರ್ಷದ ಯಾತ್ರೆಗೆ ಹೆಸರು ಕೊಟ್ಟ ಭಕ್ತಾದಿಗಳಿಗೆ, ಯಾತ್ರೆಯ ಹಿಂದಿನ ಭಾನುವಾರ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಬರುವ ಶನಿವಾರ ನಾವೆಲ್ಲರೂ ಮೈಸೂರು ರಸ್ತೆಯ ಕುಂಬಳಗೋಡಿನ ಬಳಿಯಿರುವ ಆಶೀರ್ವನಂ ಬೆನೆಡಿಕ್ಟಿನ್ ಮಠಕ್ಕೆ ಯಾತ್ರೆ ಹೊರಡಲಿದ್ದೇವೆ. ಶತಮಾನೋತ್ಸವದ ವರ್ಷದಲ್ಲಿ ವೇಳಾಂಗಣ್ಣಿಗೆ ಹೋಗಬಹುದಿತ್ತಲ್ಲವೇ, ದೋರನಹಳ್ಳಿಯ ಸಂತ ಅಂತೋಣಿಯವರ ಸನ್ನಿಧಿಗಾದರೂ ಹೋಗಬಹುದಿತ್ತಲ್ಲವೇ, ಊರಂಚಿನ ಮಠದಲ್ಲಿ ನೋಡುವಂಥದ್ದು ಏನಿದೆ ಎಂದು ಕೆಲವರು ಕೇಳಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ನಾಲ್ಕು ಮಾತುಗಳನ್ನು ಅರುಹಬಯಸುತ್ತೇವೆ.

ಪುಣ್ಯಕ್ಷೇತ್ರಗಳಿಗೆ ಹೋಗುವುದು ನಮ್ಮ ಜನರಿಗೆ ಹೊಸದಲ್ಲ. ಶಿವಾಜಿನಗರದ ಮಾತೆ ಮರಿಯಮ್ಮನವರ ಮಹಾದೇವಾಲಯಕ್ಕೆ ಸೆಪ್ಟೆಂಬರ್ 8ರ ಹಬ್ಬದಲ್ಲಿ ಹೋಗುತ್ತೇವೆ. ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರಗಳಂದು ಹೋಗುತ್ತೇವೆ. ಅಲ್ಲಿಗೆ ನಮ್ಮ ಕಷ್ಟಗಳನ್ನು ಹೊತ್ತು ಹೋಗಿ, ಮೇಣದ ಬತ್ತಿ ಹಚ್ಚಿ, ಹರಕೆ ಸಲ್ಲಿಸಿ ಬರುತ್ತೇವೆ. ಅದು ಒಳ್ಳೆಯದೇ. ಮಠಯಾತ್ರೆಯ ರೀತಿ ಬೇರೆ. ಅಲ್ಲಿ ನಮಗಿಂತ ಮೊದಲೇ ಪ್ರಾರ್ಥನೆ ನಡೆದಿರುತ್ತದೆ. ನಾವು ಹಿಂತಿರುಗಿದ ಮೇಲೂ ನಡೆಯುತ್ತಿರುತ್ತದೆ. ಯಾರೂ ನೋಡದಿದ್ದರೂ ನಿಲ್ಲದ ಪ್ರಾರ್ಥನೆ ಅದು. ಒಂದು ದಿನದ ಮಟ್ಟಿಗೆ ಅದರೊಳಗೆ ಸೇರಿಕೊಳ್ಳಲು ನಾವು ಅತಿಥಿಗಳಾಗಿ ಹೋಗುತ್ತೇವೆ.

‘ಮಠ’ ಎಂಬ ಮಾತು ಕನ್ನಡಿಗರಿಗೆ ಅಪರಿಚಿತವಲ್ಲ. ಸಿದ್ಧಗಂಗೆಯ ದಾಸೋಹವನ್ನು ಅರಿಯದವರಾರು? ನಮ್ಮ ನೆರೆಯ ಬುಲ್ ಟೆಂಪಲ್ ರಸ್ತೆಯ ರಾಮಕೃಷ್ಣ ಮಠದ ಮುಂದೆ ನಿತ್ಯವೂ ಹಾದುಹೋಗುವವರು ನಮ್ಮಲ್ಲಿ ಅನೇಕರು. ಆದರೆ ನಮ್ಮ ಧರ್ಮಸಭೆಯಲ್ಲೂ ಸುಮಾರು 1,700 ವರ್ಷಗಳಿಂದ ಹರಿದುಬಂದ ಸನ್ಯಾಸ ಪರಂಪರೆಯೊಂದಿದೆ ಎಂಬುದನ್ನು ನಮ್ಮ ಮಕ್ಕಳು ಅರಿತಂತಿಲ್ಲ. ಗುರುಗಳೆಂದರೆ ಬಲಿಪೂಜೆ ಅರ್ಪಿಸುವವರು, ಕನ್ಯಾಸ್ತ್ರೀಯರೆಂದರೆ ಶಾಲೆ ಆಸ್ಪತ್ರೆ ನಡೆಸುವವರು ಎಂದಷ್ಟೇ ಅವರ ತಿಳಿವಳಿಕೆ. ಪ್ರಾರ್ಥನೆಯನ್ನೇ ಬಾಳಿನ ಮೊದಲ ಕಾಯಕವಾಗಿ ಮಾಡಿಕೊಂಡವರೂ ಇದ್ದಾರೆಂಬುದನ್ನು ಅವರು ಕಣ್ಣಾರೆ ಕಾಣಬೇಕು.

ಈ ಪರಂಪರೆಗೆ ಪಶ್ಚಿಮದಲ್ಲಿ ಸ್ಥಿರರೂಪ ಕೊಟ್ಟವರು ಸಂತ ಬೆನೆಡಿಕ್ಟರು. ಸುಮಾರು 480ರಲ್ಲಿ ಇಟಲಿಯ ನೂರ್ಸಿಯಾದಲ್ಲಿ ಜನಿಸಿದ ಅವರು ವ್ಯಾಸಂಗಕ್ಕೆಂದು ರೋಮಿಗೆ ಹೋದರು. ಅಲ್ಲಿನ ಜೀವನಕ್ರಮಕ್ಕೆ ಬೇಸತ್ತು ಸುಬಿಯಾಕೋದ ಗುಹೆಯೊಂದರಲ್ಲಿ ಏಕಾಂತವಾಸ ಕೈಗೊಂಡರು. ಬಳಿಕ ಮೋಂಟೆ ಕಸ್ಸಿನೋ ಬೆಟ್ಟದ ಮೇಲೆ ಮಠ ಸ್ಥಾಪಿಸಿ, ಸುಮಾರು 547ರಲ್ಲಿ ಅಲ್ಲಿಯೇ ದೈವಾಧೀನರಾದರು. ಅವರು ಬರೆದಿಟ್ಟ 73 ಅಧ್ಯಾಯಗಳ ಕಿರುಗ್ರಂಥವೇ ಬೆನೆಡಿಕ್ಟರ ನಿಯಮಾವಳಿ. ಆ ಬೆಟ್ಟದ ಮಠ ಶತಮಾನಗಳಲ್ಲಿ ಹಲವು ಬಾರಿ ನಾಶವಾಯಿತು; ಕಡೆಯದಾಗಿ 1944ರ ಫೆಬ್ರವರಿಯಲ್ಲಿ ಯುದ್ಧವಿಮಾನಗಳ ಬಾಂಬಿಗೆ ನೆಲಸಮವಾಯಿತು. ಮತ್ತೆ ಎದ್ದುನಿಂತ ಅದರ ದೇವಾಲಯವನ್ನು 1964ರಲ್ಲಿ ಪ್ರತಿಷ್ಠಿಸಿದ ಪೋಪ್ ಆರನೆಯ ಪೌಲರು ಸಂತ ಬೆನೆಡಿಕ್ಟರನ್ನು ಯೂರೋಪಿನ ಪಾಲಕರೆಂದು ಘೋಷಿಸಿದರು.

ಸ್ಪೇನಿನ ಬಾರ್ಸಿಲೋನಾ ನಗರದ ಜನ ಮುಂಜಾನೆ ರೈಲು ಹತ್ತಿ ಮೋಂತ್ಸೆರಾತ್ ಬೆಟ್ಟದ ಬೆನೆಡಿಕ್ಟಿನ್ ಮಠಕ್ಕೆ ಹೋಗಿ, ಅಲ್ಲಿನ ಕಪ್ಪುವರ್ಣದ ಮರಿಯಮ್ಮನವರ ದರ್ಶನ ಪಡೆದು, ಬಾಲಗಾಯಕರ ಗಾನ ಕೇಳಿ ಸಂಜೆಗೆ ಮನೆ ಸೇರುವುದು ವಾಡಿಕೆ. 1522ರ ಮಾರ್ಚ್ ತಿಂಗಳಲ್ಲಿ ಯೋಧನೊಬ್ಬ ಅದೇ ದೇವಾಲಯದಲ್ಲಿ ರಾತ್ರಿಯಿಡೀ ಜಾಗರಣೆ ಮಾಡಿ, ತನ್ನ ಖಡ್ಗವನ್ನು ಅಲ್ಲಿಯೇ ಬಿಟ್ಟು, ತನ್ನ ಒಳ್ಳೆಯ ಉಡುಪನ್ನು ಭಿಕ್ಷುಕನಿಗೆ ಕೊಟ್ಟು ಹೊರನಡೆದನು. ಆತನೇ ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನಾಸಿಯವರು. ಮಠದಲ್ಲಿ ಕಳೆಯುವ ಸ್ವಲ್ಪವೇ ಕಾಲದಲ್ಲಿ ಮನುಷ್ಯನು ತಾನು ಹೊತ್ತು ತಿರುಗುವ ಖಡ್ಗವನ್ನು ಕೆಳಗಿಡಬಹುದೆಂಬುದಕ್ಕೆ ಇದು ನಿದರ್ಶನ.

ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬೆಲ್ಜಿಯಂನ ಬ್ರೂಜ್ ನಗರದ ಬಳಿಯ ಸಂತ ಅಂದ್ರೇಯರ ಮಠದ ಸನ್ಯಾಸಿಗಳು 1947ರಲ್ಲಿ ಸೇಲಂ ಬಳಿಯ ಸಿಲುವೈಗಿರಿಯಲ್ಲಿ, ಎಂದರೆ ಶಿಲುಬೆಯ ಬೆಟ್ಟದಲ್ಲಿ, ನೆಲೆಸಿದರು. 1955ರಲ್ಲಿ ಭಾರತೀಯ ಬೆನೆಡಿಕ್ಟಿನ್ ಸನ್ಯಾಸಿ ಬೆನೆಡಿಕ್ಟ್ ಆಲಪಾಟ್ ಅವರೂ ಇಂಗ್ಲೆಂಡಿನ ಬೀಡ್ ಗ್ರಿಫಿತ್ಸ್ ಅವರೂ ಬೆಂಗಳೂರಿಗೆ ಬಂದು ಕೆಂಗೇರಿಯಲ್ಲಿ ಮಠಜೀವನ ಆರಂಭಿಸಿದರು. ಬೀಡ್ ಸ್ವಾಮಿಗಳು 1958ರಲ್ಲಿ ಕೇರಳದ ಕುರಿಶುಮಲೆಗೂ, 1968ರಲ್ಲಿ ಕಾವೇರಿ ತೀರದ ಶಾಂತಿವನಕ್ಕೂ ತೆರಳಿದರು. ಸಿಲುವೈಗಿರಿಯ ಸಮುದಾಯವಾದರೋ 1950ರ ದಶಕದ ಉತ್ತರಾರ್ಧದಲ್ಲಿ ಮೈಸೂರು ರಸ್ತೆಗೆ ಬಂದು ನೆಲೆಯೂರಿತು. ಆಶೀರ್ವಾದವೂ ವನವೂ ಕೂಡಿದ ಹೆಸರು ಆ ನೆಲೆಗೆ ಬಂದಿತು. ಅಂದು ಅದು ಹಳ್ಳಿಗಾಡು. ಇಂದು ನಗರವೇ ನಡೆದುಕೊಂಡು ಮಠದ ಬಾಗಿಲಿಗೆ ಬಂದಿದೆ. ಮೆಟ್ರೊ ರೈಲು 2021ರಲ್ಲಿ ಕೆಂಗೇರಿಯನ್ನೂ 2023ರಲ್ಲಿ ಚಲ್ಲಘಟ್ಟವನ್ನೂ ತಲುಪಿದೆ. ಮಠ ನಗರವನ್ನು ಅರಸಿ ಹೋಗಲಿಲ್ಲ. ನಗರಕ್ಕೇ ಮಠದ ಮೌನ ಬೇಕಾಗಿದೆ.

ದಾರಿಯನ್ನು ಕುರಿತೂ ಒಂದು ಮಾತು. ಚಾಮರಾಜಪೇಟೆಯಿಂದ ಸಿರ್ಸಿ ವೃತ್ತ ದಾಟಿ, ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ, ಕೆಂಗೇರಿಗಳ ಮೂಲಕ ನಮ್ಮ ಬಸ್ಸು ಹೋಗುತ್ತದೆ. ದಾರಿಯುದ್ದಕ್ಕೂ ವೃಷಭಾವತಿ ನಮ್ಮ ಜೊತೆಗೇ ಹರಿಯುತ್ತಾಳೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುವಳೆಂದು ಹಿರಿಯರು ಹೇಳುವ ಈ ನದಿ ಇಂದು ನಮ್ಮೆಲ್ಲರ ಮನೆಗಳ ಕೊಳಕನ್ನು ಹೊತ್ತು ಭೈರಮಂಗಲದ ಕೆರೆಗೆ ಸಾಗುತ್ತಿದ್ದಾಳೆ. ಬಸ್ಸಿನ ಕಿಟಕಿ ಮುಚ್ಚಿ ಮೂಗು ಹಿಡಿಯುವುದು ಸುಲಭ. ಸೃಷ್ಟಿಯ ಪಾಲನೆಯನ್ನು ಕುರಿತು ಪೋಪ್ ಫ್ರಾನ್ಸಿಸರು 2015ರಲ್ಲಿ ‘ಲೌದಾತೋ ಸಿ’ ವಿಶ್ವಪತ್ರವನ್ನು ಬರೆದುದನ್ನು ಅಲ್ಲಿ ನೆನೆಯೋಣ. ಜಪಸರದ ದುಃಖದ ರಹಸ್ಯಗಳನ್ನು ಆ ದಾರಿಯಲ್ಲಿಯೇ ಧ್ಯಾನಿಸೋಣ.

ಮಠವನ್ನು ತಲುಪಿದಾಗ ಅತಿಥಿಗಳ ಹೊಣೆ ಹೊತ್ತ ಸನ್ಯಾಸಿಯೊಬ್ಬರು ನಮ್ಮನ್ನು ಬರಮಾಡಿಕೊಳ್ಳುವರು. ದಿನವಿಡೀ ಅವರೇ ನಮ್ಮ ಮಾರ್ಗದರ್ಶಿ. ನಿಯಮಾವಳಿಯ 53ನೆಯ ಅಧ್ಯಾಯದಲ್ಲಿ ಸಂತ ಬೆನೆಡಿಕ್ಟರು, ಬರುವ ಅತಿಥಿಯಲ್ಲಿ ಕ್ರಿಸ್ತನನ್ನೇ ಕಂಡು ಸ್ವಾಗತಿಸಬೇಕೆಂದೂ, ಮೊದಲು ಜೊತೆಗೂಡಿ ಪ್ರಾರ್ಥಿಸಬೇಕೆಂದೂ, ಬಡವರಿಗೂ ಯಾತ್ರಿಕರಿಗೂ ವಿಶೇಷ ಆದರ ತೋರಬೇಕೆಂದೂ ವಿಧಿಸಿದ್ದಾರೆ. ಧನಿಕರಿಗೆ ಮರ್ಯಾದೆ ತಾನಾಗಿಯೇ ದೊರೆಯುವುದೆಂಬುದು ಅವರ ಸೂಕ್ಷ್ಮ ವಿವೇಚನೆ. ನಮ್ಮ ದೇವಾಲಯದ ಬಾಗಿಲಲ್ಲಿ ಹೊಸಬನೊಬ್ಬ ಬಂದು ನಿಂತಾಗ ನಾವು ಏನು ಮಾಡುತ್ತೇವೆ ಎಂಬುದನ್ನು ಆಗ ಯೋಚಿಸೋಣ.

ಗಂಟೆಯ ದನಿ ಕೇಳಿದೊಡನೆ ಸನ್ಯಾಸಿ ಕೈಯಲ್ಲಿರುವ ಕೆಲಸವನ್ನು ಅಲ್ಲಿಗೇ ಬಿಟ್ಟು ಪ್ರಾರ್ಥನೆಗೆ ಹೊರಡಬೇಕು. ದೇವರ ಕೆಲಸಕ್ಕಿಂತ ಮಿಗಿಲಾದುದು ಯಾವುದೂ ಇರಕೂಡದು. ಆ ಗಂಟೆ ಬಾರಿಸಿದಾಗ ನಮ್ಮ ಕೈಯಲ್ಲಿರುವ ಮೊಬೈಲುಗಳೂ ಮೌನವಾಗಲಿ. ಬೆಳಗಿನಿಂದ ರಾತ್ರಿಯವರೆಗೆ ಹಲವು ಬಾರಿ ಕೂಡಿ ಕೀರ್ತನೆಗಳನ್ನು ಹಾಡುವುದು ಅವರ ಕ್ರಮ. 150 ಕೀರ್ತನೆಗಳೂ ಒಂದು ವಾರದಲ್ಲಿ ಮುಗಿಯಬೇಕೆಂಬುದು ಸಂತ ಬೆನೆಡಿಕ್ಟರ ಅಪೇಕ್ಷೆಯಾಗಿತ್ತು. ಎರಡು ಪಂಕ್ತಿಗಳಾಗಿ ನಿಂತು, ಒಂದು ಪಂಕ್ತಿ ಹಾಡಿದಾಗ ಇನ್ನೊಂದು ಆಲಿಸುತ್ತದೆ. ಅಲ್ಲಿ ಯಾರ ದನಿಯೂ ಮೇಲೇಳುವುದಿಲ್ಲ. ನಮ್ಮ ಗಾಯನವೃಂದದವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಪ್ರಾರ್ಥನೆಯ ಜೊತೆಗೆ ದುಡಿಮೆ. ಮಠದ ಉಗ್ರಾಣದ ಹೊಣೆ ಹೊತ್ತವನು ಅಲ್ಲಿನ ಪಾತ್ರೆ ಪರಿಕರಗಳನ್ನೆಲ್ಲ ಪೀಠದ ಪವಿತ್ರ ಪಾತ್ರೆಗಳಂತೆಯೇ ಕಾಣಬೇಕೆಂದು 31ನೆಯ ಅಧ್ಯಾಯ ಹೇಳುತ್ತದೆ. ಅಡುಗೆಮನೆಯ ಸೇವೆ ಸರದಿಯ ಮೇಲೆ ಎಲ್ಲರಿಗೂ ಬರುತ್ತದೆ. ವಾರ ಮುಗಿಸಿದವರು ಎಲ್ಲವನ್ನೂ ತೊಳೆದು ಶುಚಿಮಾಡಿ ಒಪ್ಪಿಸಬೇಕು. ಕಾಯಕ, ದಾಸೋಹಗಳ ನಾಡಿನಲ್ಲಿ ಇದನ್ನು ವಿವರಿಸುವ ಅಗತ್ಯವಿಲ್ಲ. ಆದರೂ ನಮ್ಮ ಹಬ್ಬದ ಊಟಗಳಲ್ಲಿ ಅಡುಗೆಮನೆಯ ಹೊಗೆ ತಾಯಂದಿರಿಗೆ, ಪಂಕ್ತಿಯ ಮೊದಲ ಎಲೆ ಗಂಡಸರಿಗೆ ಎಂಬ ವಾಡಿಕೆ ಇನ್ನೂ ಉಳಿದಿದೆ. ಆದುದರಿಂದ ಅಂದು ನಾವು ಕೊಂಡೊಯ್ಯುವ ಬುತ್ತಿಯನ್ನು ಬಡಿಸುವುದೂ, ಪಾತ್ರೆ ತೊಳೆಯುವುದೂ ಗಂಡಸರ ಹೊಣೆಯೆಂದು ನಿಶ್ಚಯಿಸಿದ್ದೇವೆ. ಗುರುಗಳೂ ಇದರಿಂದ ಹೊರತಲ್ಲ.

ಈಗ ಈ ಯಾತ್ರೆಯ ಮುಖ್ಯ ಉದ್ದೇಶಕ್ಕೆ ಬರೋಣ. ಮಠ ಸೇರುವ ಸನ್ಯಾಸಿ ನೀಡುವ ವಚನಗಳಲ್ಲಿ ಒಂದು ಸ್ಥಿರತೆ. ತಾನು ಸೇರಿದ ಸಮುದಾಯದಲ್ಲಿಯೇ, ಅಲ್ಲಿರುವ ಇಷ್ಟದವರೊಡನೆಯೂ ಕಷ್ಟದವರೊಡನೆಯೂ ಕಡೆಯವರೆಗೆ ಬಾಳುತ್ತೇನೆಂಬ ವಚನವದು. ಮಲ್ಲೇಶ್ವರದ ಸಂತ ಪೇತ್ರರ ಗುರುಮಠದಲ್ಲಿ ಈ ಮಾತನ್ನು ಮೊದಲು ಓದಿದಾಗ ಅದು ನಮಗೆ ಸುಲಭವೆಂದೇ ತೋರಿತ್ತು. ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುತ್ತಾ ಬಂದ ಮೇಲೆ ಅದರ ಭಾರ ತಿಳಿದಿದೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ, 1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ನಮ್ಮ ಹಳೆಯ ಕುಟುಂಬಗಳು ಮನೆ ಮಾರಿ ಕೆಂಗೇರಿಗೆ, ರಾಜರಾಜೇಶ್ವರಿ ನಗರಕ್ಕೆ, ಇನ್ನೂ ಆಚೆಗೆ ಹೋಗಿವೆ. ಹೋದುದು ತಪ್ಪಲ್ಲ. ನೋವಿನ ಸಂಗತಿಯೆಂದರೆ, ಮನೆಯ ಪಾಲಿನ ಹಣ ಹಂಚಿಕೊಳ್ಳುವಾಗ ಒಡಹುಟ್ಟಿದವರ ಮಾತು ನಿಂತುಹೋಗಿದೆ. ಒಂದೇ ಜ್ಞಾನಸ್ನಾನದ ತೊಟ್ಟಿಯಲ್ಲಿ ಸ್ನಾತರಾದವರು ಇಂದು ಬೇರೆ ಬೇರೆ ಹೊತ್ತಿನ ಬಲಿಪೂಜೆಗೆ ಬರುತ್ತಿದ್ದಾರೆ, ಮುಖ ನೋಡಬಾರದೆಂದು! ಶನಿವಾರದ ಬಸ್ಸಿನ ಪಟ್ಟಿಯಲ್ಲಿ ಅಂಥವರ ಹೆಸರುಗಳೂ ಇವೆ. ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಅವರವರ ಅಂತಃಸಾಕ್ಷಿಗೆ ತಿಳಿದಿದೆ.

ಅಂಥವರಿಗಾಗಿಯೇ ನಿಯಮಾವಳಿಯ 13ನೆಯ ಅಧ್ಯಾಯದಲ್ಲಿ ಒಂದು ವಿಧಿಯಿದೆ. ಬೆಳಗಿನ ಮತ್ತು ಸಂಜೆಯ ಪ್ರಾರ್ಥನೆಯ ಕೊನೆಯಲ್ಲಿ ಮಠಾಧಿಪತಿಗಳು ಪ್ರಭು ಕಲಿಸಿದ ಪ್ರಾರ್ಥನೆಯನ್ನು ಎಲ್ಲರಿಗೂ ಕೇಳುವಂತೆ ಪೂರ್ತಿಯಾಗಿ ಹೇಳಬೇಕು. ಕಾರಣವೇನು? ಒಟ್ಟಿಗೆ ಬಾಳುವವರ ನಡುವೆ ಮನಸ್ತಾಪದ ಮುಳ್ಳುಗಳು ಏಳುವುದು ಸಹಜ. ನಾವು ಕ್ಷಮಿಸುವಂತೆಯೇ ನಮ್ಮನ್ನು ಕ್ಷಮಿಸು ಎಂದು ದೇವರಿಗೆ ಕೊಟ್ಟ ಮಾತು ಕಿವಿಗೆ ಬಿದ್ದಾಗ ಪ್ರತಿಯೊಬ್ಬನೂ ಆ ಮುಳ್ಳನ್ನು ಕಿತ್ತು ಹಾಕಬೇಕು. ಸಂತರಾಗಲು ಹೊರಟವರ ಮಠದಲ್ಲಿಯೂ ಜಗಳ ಬರುವುದೆಂದು ಸಂತ ಬೆನೆಡಿಕ್ಟರು ಬಲ್ಲವರಾಗಿದ್ದರು. ಜಗಳವೇ ಬಾರದಂತೆ ತಡೆಯುವೆನೆಂದು ಅವರು ಹೇಳಲಿಲ್ಲ. ಅದು ಸೂರ್ಯಾಸ್ತವನ್ನು ದಾಟಬಾರದೆಂದರು. ನಮ್ಮಲ್ಲಿ ಎಷ್ಟೋ ಮುನಿಸುಗಳು ಹತ್ತು ವರ್ಷಗಳ ಸೂರ್ಯಾಸ್ತಗಳನ್ನು ದಾಟಿವೆ.

ಶನಿವಾರ ಸಂಜೆ ಹೊರಡುವ ಮುನ್ನ ಸನ್ಯಾಸಿಗಳ ಸಂಜೆಯ ಪ್ರಾರ್ಥನೆಯಲ್ಲಿ ನಾವೂ ಪಾಲ್ಗೊಳ್ಳುತ್ತೇವೆ. ಪ್ರಭುವಿನ ಪ್ರಾರ್ಥನೆ ಬಂದಾಗ ಯಾರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನು ನೀವೇ ಆರಿಸಿಕೊಳ್ಳಿ. ಮಾತು ಬೇಕಿಲ್ಲ. ವ್ಯಾಜ್ಯ ಅಲ್ಲಿಯೇ ತೀರಬೇಕೆಂದೂ ಇಲ್ಲ. ಆಸ್ತಿಯ ಲೆಕ್ಕ ವಕೀಲರ ಬಳಿ ನಡೆಯಲಿ. ಅಣ್ಣನ ಪಕ್ಕ ತಮ್ಮ ನಿಂತರೆ ಅಂದಿನ ಯಾತ್ರೆ ಸಾರ್ಥಕ. ಈ ದೇವಾಲಯದ ಗೋಡೆಗೆ ಸುಣ್ಣ ಬಳಿದಿದ್ದೇವೆ, ಗಂಟೆಗೋಪುರಕ್ಕೆ ದೀಪ ಹಚ್ಚಿದ್ದೇವೆ. ನೂರು ವರ್ಷಗಳ ದೇವಾಲಯಕ್ಕೆ ಇದಕ್ಕಿಂತ ದೊಡ್ಡ ಕಾಣಿಕೆ ಮುನಿಸು ಮರೆತ ಒಂದು ಕುಟುಂಬ.

ಇನ್ನು ಕೆಲವು ಸೂಚನೆಗಳು. ಬಸ್ಸು ಬೆಳಗಿನ ಆರೂವರೆಗೆ ದೇವಾಲಯದ ಆವರಣದಿಂದ ಹೊರಡುವುದು. ಕೆಂಗೇರಿಯ ಕಡೆ ನೆಲೆಸಿರುವವರು ಚಲ್ಲಘಟ್ಟದ ಮೆಟ್ರೊ ನಿಲ್ದಾಣದ ಬಳಿ ನಮ್ಮನ್ನು ಕೂಡಿಕೊಳ್ಳಬಹುದು. ಪಾಪನಿವೇದನೆ ಮಾಡಬಯಸುವವರು ಹಿಂದಿನ ಸಂಜೆಯೇ ದೇವಾಲಯಕ್ಕೆ ಬರಲಿ. ಮಠದ ಮೌನದ ಸ್ಥಳಗಳಲ್ಲಿ ಮಾತಾಗಲಿ, ಛಾಯಾಚಿತ್ರ ತೆಗೆಯುವುದಾಗಲಿ ಬೇಡ. ಸನ್ಯಾಸಿಗಳ ಖಾಸಗಿ ವಾಸದ ಭಾಗಕ್ಕೆ ಪ್ರವೇಶವಿಲ್ಲವೆಂಬುದನ್ನು ಮಕ್ಕಳಿಗೆ ಮೊದಲೇ ತಿಳಿಸಿರಿ. ಮಂಡಿನೋವಿನ ಹಿರಿಯರಿಗೆ ಬಸ್ಸಿನ ಮುಂದಿನ ಆಸನಗಳನ್ನು ಕಾದಿರಿಸಿದ್ದೇವೆ. ಹಾಸಿಗೆ ಹಿಡಿದಿರುವ ಹಿರಿಯರು ತಮ್ಮ ಪ್ರಾರ್ಥನೆಯ ಕೋರಿಕೆಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಲಿ. ಪೀಠದ ಮೇಲಿರಿಸಿ ಅವರಿಗಾಗಿ ಬಲಿಪೂಜೆ ಅರ್ಪಿಸುತ್ತೇವೆ.

ಸಂತ ಬೆನೆಡಿಕ್ಟರ ಪ್ರಾರ್ಥನೆಯೂ, ನಮ್ಮ ತಾಯಿ ಮರಿಯಮ್ಮನವರ ಆಶ್ರಯವೂ ನಮ್ಮ ದಾರಿಯನ್ನು ಕಾಯಲಿ. ಪಿತನೂ ಸುತನೂ ಪವಿತ್ರಾತ್ಮನೂ ಆದ ಸರ್ವಶಕ್ತ ದೇವರು ನಿಮ್ಮೆಲ್ಲರನ್ನೂ, ನಿಮ್ಮ ಮನೆಮಂದಿಯನ್ನೂ, ನಿಮ್ಮೊಡನೆ ಮಾತು ಬಿಟ್ಟವರನ್ನೂ ಆಶೀರ್ವದಿಸಲಿ. ಆಮೆನ್.