ಸ್ವಾಹಿಲಿ ತೀರದ ಹಾಯಿಹಡಗುಗಳು



ಜೂನ್ ತಿಂಗಳ ಮೊದಲಲ್ಲಿ ನಮ್ಮ ನಾಡಿನ ಬೇಸಾಯಗಾರನು ಮುಗಿಲನ್ನು ನೋಡುತ್ತ ಯಾವ ಗಾಳಿಯ ದಾರಿಯನ್ನು ಕಾಯುವನೋ, ಆ ಮುಂಗಾರಿನ ಗಾಳಿಯು ನಮ್ಮಲ್ಲಿಗೆ ಬರುವುದಕ್ಕೆ ಕೆಲವು ವಾರಗಳ ಮುಂಚೆಯೇ ಆಫ್ರಿಕ ಖಂಡದ ಪೂರ್ವತೀರದಲ್ಲಿ ಬೀಸತೊಡಗಿರುತ್ತದೆ. ಅಲ್ಲಿಯ ಜನರು ಅದನ್ನು ಕೂಸಿ ಎನ್ನುತ್ತಾರೆ. ತೆಂಕಣದಿಂದ ಹೊರಟ ಆ ಗಾಳಿಯು ಭೂಮಧ್ಯರೇಖೆಯನ್ನು ದಾಟಿ, ಬಲಕ್ಕೆ ಹೊರಳಿ, ಅರಬ್ಬೀ ಸಮುದ್ರದ ನೀರನ್ನು ಹೊತ್ತು ನಮ್ಮ ಸಹ್ಯಾದ್ರಿಯನ್ನು ಬಂದು ತಾಕುತ್ತದೆ. ಡಿಸೆಂಬರಿನಿಂದ ಮಾರ್ಚಿಯವರೆಗೆ ಗಾಳಿ ತಿರುಗಿ ಈಶಾನ್ಯದಿಂದ ಬೀಸುವುದು. ಅದಕ್ಕೆ ಕಸ್ಕಾಜಿ ಎಂದು ಹೆಸರು. ಈ ಎರಡು ಗಾಳಿಗಳನ್ನು ನಂಬಿ ಶತಮಾನಗಳ ಕಾಲ ಹಡಗು ನಡೆಸಿದ ಜನರ ವಿಷಯವನ್ನೂ, ಅವರ ಹಳ್ಳಿಗಳ ನಡುವೆ ಇಂದಿಗೂ ನಡೆಯುವ ಹಾಯಿಪಂದ್ಯಗಳ ವಿಷಯವನ್ನೂ ಕುರಿತು ಈ ಹೊತ್ತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಇಂಗ್ಲಿಷ್ ವಿದ್ಯೆಯನ್ನು ಕಲಿತ ನಾವು ಆಕ್ಸ್‌ಫರ್ಡ್ ಕೇಂಬ್ರಿಡ್ಜುಗಳ ದೋಣಿಪಂದ್ಯವು 1829ರಲ್ಲಿ ಮೊದಲಾಯಿತೆಂಬುದನ್ನು ತಡವರಿಸದೆ ಹೇಳಬಲ್ಲೆವು. ನಮ್ಮದೇ ಕಡಲಿನ ಆಚೆಯ ದಡದಲ್ಲಿರುವವರ ಪಂದ್ಯದ ಮಾತು ಬಂದರೆ ನಮಗೆ ಬಾಯಿಲ್ಲ. ತರಗತಿಯಲ್ಲಿ ಒಮ್ಮೆ ಲಾಮು ಎಲ್ಲಿದೆಯೆಂದು ಕೇಳಿದಾಗ, ಒಬ್ಬ ವಿದ್ಯಾರ್ಥಿಯು ಅದೊಂದು ಮೃಗವಿರಬೇಕೆಂದು ಊಹಿಸಿದನು. ಅವನನ್ನು ಕಂಡು ನಗುವ ಅಧಿಕಾರ ನಮಗಿರಲಿಲ್ಲ. ಅದಕ್ಕೆ ಕೆಲವು ತಿಂಗಳ ಹಿಂದೆ ನಾವೂ ಭೂಪಟದಲ್ಲಿ ಬೆರಳಿಟ್ಟು ಹುಡುಕಿದವರೇ.

ಲಾಮು ಎಂಬುದು ಕೀನ್ಯಾ ದೇಶದ ಉತ್ತರ ಕರಾವಳಿಯ ಒಂದು ದ್ವೀಪ. ಅದರ ನೆರೆಯಲ್ಲಿ ಮಾಂಡಾ, ಪಾಟೆ ಎಂಬ ದ್ವೀಪಗಳಿವೆ. ಹವಳದ ಕಲ್ಲಿನಿಂದಲೂ ಕಾಂಡ್ಲ ಮರದ ತೊಲೆಗಳಿಂದಲೂ ಕಟ್ಟಿದ ಲಾಮುವಿನ ಹಳೆಯ ಪಟ್ಟಣವನ್ನು 2001ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಇಕ್ಕಟ್ಟಾದ ಬೀದಿಗಳಲ್ಲಿ ಹೊರೆಯನ್ನು ಹೊರತಕ್ಕವು ಕತ್ತೆಗಳು. ಊರಿಂದೂರಿಗೆ ಹೋಗಬೇಕಾದರೆ ದೋಣಿ. ಸ್ವಾಹಿಲಿ ಎಂಬ ಹೆಸರೇ ತೀರಗಳೆಂಬ ಅರ್ಥದ ಅರಬ್ಬೀ ಮಾತಿನಿಂದ ಬಂದುದು. ಆ ಭಾಷೆಯಲ್ಲಿ ರೇವಿಗೆ ಬಂದಾರಿ ಎಂದೂ, ಗಾಡಿಗೆ ಗಾರಿ ಎಂದೂ, ಹಡಗಿನ ಒಡೆಯನಿಗೆ ನಹೋಧಾ ಎಂದೂ ಹೇಳುವರು. ನಮ್ಮ ಕರಾವಳಿಯ ಬಂದರುಗಳಲ್ಲಿ ನಾಖುದಾ ಎಂಬ ಮಾತನ್ನು ಕೇಳಿದವರಿಗೆ ಈ ನಂಟನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಅಲ್ಲಿಯ ಕೆಂಪು ಹೆಂಚುಗಳು ಕಡಲನ್ನು ದಾಟಿ ಪೂರ್ವ ಆಫ್ರಿಕದ ಮನೆಗಳ ಮೇಲೆಯೂ ಕುಳಿತುವು.

ಹೊರಗಿನವರು ಧೌ ಎಂಬ ಒಂದೇ ಹೆಸರಿನಿಂದ ಕರೆಯುವ ಹಡಗುಗಳಿಗೆ ಅಲ್ಲಿಯವರಲ್ಲಿ ಬೇರೆಬೇರೆ ಹೆಸರುಗಳುಂಟು. ಸರಕು ಹೊರುವ ದೊಡ್ಡದು ಜಹಾಜಿ. ಅದಕ್ಕಿಂತ ಸಣ್ಣದು ಮಶುವಾ. ನಮ್ಮ ಕರಾವಳಿಯ ಮಚ್ವೆಯನ್ನು ಬಲ್ಲವರ ಕಿವಿಗೆ ಇದು ಹೊಸದೆನಿಸಲಾರದು. ಒಂದೇ ಮರವನ್ನು ತೋಡಿ ಎರಡು ಪಕ್ಕಗಳಲ್ಲಿ ತೇಲುಮರಗಳನ್ನು ಕಟ್ಟಿದುದು ಙಲಾವಾ. ಇವೆಲ್ಲಕ್ಕಿಂತ ಹಳೆಯ ಬಗೆಯದು ಮ್ಟೆಪೆ. ಅದರ ಹಲಗೆಗಳನ್ನು ಮೊಳೆಯಿಂದ ಜಡಿಯದೆ ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಹಾಯಿಯೂ ಬಟ್ಟೆಯದಲ್ಲ, ಹೆಣೆದ ಚಾಪೆ. ಕ್ರಿಸ್ತಶಕದ ಮೊದಲನೆಯ ಶತಮಾನದ ಗ್ರೀಕ್ ನಾವಿಕನೊಬ್ಬನು ಬರೆದಿಟ್ಟ ಪೆರಿಪ್ಲಸ್ ಎಂಬ ಗ್ರಂಥದಲ್ಲಿ ಈ ತೀರದ ಹೊಲಿದ ದೋಣಿಗಳ ಮಾತು ಬರುತ್ತದೆ. ಅಷ್ಟು ಕಾಲ ಬಾಳಿದ ಹೊಲಿಗೆಯ ವಿದ್ಯೆಯು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಡಲಿನಿಂದ ಮರೆಯಾಯಿತು. ಇಂದು ಮ್ಟೆಪೆಯನ್ನು ನೋಡಬೇಕೆನ್ನುವವರು ವಸ್ತುಸಂಗ್ರಹಾಲಯದ ಮಾದರಿಯನ್ನು ನೋಡಿ ತೃಪ್ತರಾಗಬೇಕು. ಹಲಗೆಯನ್ನು ಹೊಲಿದವನ ಕೈಯಾಗಲಿ ಚಾಪೆಯ ಹಾಯಿಯನ್ನು ಗಾಳಿಗೆ ಒಡ್ಡಿದವನ ಕಣ್ಣಾಗಲಿ ಮಾದರಿಯಲ್ಲಿ ಉಳಿಯುವುದಿಲ್ಲ. ಮಿಕ್ಕ ಹಡಗುಗಳಿಗೂ ಇದೇ ಗತಿ ಬರುವುದೋ ಎಂಬುದೇ ನಮ್ಮನ್ನು ಈ ವಿಷಯಕ್ಕೆ ಎಳೆದುತಂದ ಪ್ರಶ್ನೆ.

ಆಸ್ಟ್ರೇಲಿಯದ ನಾವಿಕ ಅಲನ್ ವಿಲಿಯರ್ಸ್ ಎಂಬಾತನು 1938-39ರಲ್ಲಿ ಕುವೈತಿನ ದೊಡ್ಡ ಹಾಯಿಹಡಗೊಂದರಲ್ಲಿ ಏಡನ್ನಿನ ಕಡೆಯಿಂದ ಜಾಂಜಿಬಾರಿಗೂ ರುಫಿಜಿ ನದಿಯ ಮುಖಕ್ಕೂ ಹೋಗಿ, ಕಾಂಡ್ಲ ತೊಲೆಗಳನ್ನು ತುಂಬಿಕೊಂಡು ಹಿಂದಿರುಗಿದ ಸಂಗತಿಯನ್ನು ಗ್ರಂಥವಾಗಿ ಬರೆದಿದ್ದಾನೆ. ಆಗ ಆ ವ್ಯಾಪಾರಕ್ಕೆ ಇನ್ನೂ ಉಸಿರಿತ್ತು. ಆಮೇಲೆ ಯಂತ್ರದ ಹಡಗುಗಳು ಹೆಚ್ಚಿದುವು. ಜಾಂಜಿಬಾರಿನಲ್ಲಿ 1964ರ ಕ್ರಾಂತಿಯಾಯಿತು. ಕೀನ್ಯಾ ಸರ್ಕಾರವು 1982ರಲ್ಲಿ ಕಾಂಡ್ಲ ತೊಲೆಗಳ ರಫ್ತನ್ನು ನಿಲ್ಲಿಸಿತು. ಕಾಡನ್ನು ಉಳಿಸುವ ದೃಷ್ಟಿಯಿಂದ ಆ ಆಜ್ಞೆ ಯುಕ್ತವೇ ಇರಬಹುದು, ಆದರೆ ಲಾಮುವಿನ ಹಡಗುಗಳಿಗೆ ಹೊರೆಯೇ ಇಲ್ಲದಂತಾಯಿತು. ಉಳಿದುದು ಮೀನು, ಮರಳು, ಕಟ್ಟಡದ ಕಲ್ಲು.

ಹಾಗೂ ಉಳಿದ ಇನ್ನೊಂದು ಪಂದ್ಯ. ಹೊಸವರ್ಷದ ದಿನ ಶೇಲಾ ಗ್ರಾಮದಲ್ಲಿಯೂ, ಪ್ರವಾದಿಯ ಜನ್ಮೋತ್ಸವವಾದ ಮೌಲಿದಿಯ ಸಂದರ್ಭದಲ್ಲಿಯೂ, ಲಾಮುವಿನ ಸಾಂಸ್ಕೃತಿಕ ಉತ್ಸವದಲ್ಲಿಯೂ ಹಳ್ಳಿಗಳ ಹಡಗುಗಳು ಸ್ಪರ್ಧೆಗೆ ಇಳಿಯುತ್ತವೆ. ಲಾಮು ಮಾಂಡಾಗಳ ನಡುವಣ ಕಾಲುವೆಯಲ್ಲಿ ಗುರುತಿನ ಬುರುಡೆಗಳನ್ನು ತೇಲಬಿಟ್ಟು ಅವುಗಳನ್ನು ಸುತ್ತಿ ಬರಬೇಕು. ಯಂತ್ರವನ್ನು ಮುಟ್ಟುವಂತಿಲ್ಲ. ಜಾಂಜಿಬಾರಿನಲ್ಲಿ 1998ರಲ್ಲಿ ಮೊದಲಾದ ಚಲನಚಿತ್ರೋತ್ಸವವೂ ತನ್ನನ್ನು ಧೌ ದೇಶಗಳ ಉತ್ಸವವೆಂದು ಕರೆದುಕೊಂಡು ಹಾಯಿಪಂದ್ಯವನ್ನು ಸೇರಿಸಿಕೊಂಡಿತು.

ಈ ಪಂದ್ಯದ ಬಿಗಿ ಎಲ್ಲಿದೆಯೆಂಬುದನ್ನು ಅರಿಯಲು ಹಾಯಿಯ ರೀತಿಯನ್ನು ಸ್ವಲ್ಪ ತಿಳಿಯಬೇಕು. ಮುಂದಕ್ಕೆ ಬಾಗಿದ ಗಿಡ್ಡ ಕೂವೆಮರ. ಅದಕ್ಕೆ ಓರೆಯಾಗಿ ತೂಗಿದ, ಹಡಗಿನಷ್ಟೇ ಉದ್ದವಾದ ಅಡ್ಡಮರ. ಇದನ್ನು ಫೊರೊಮಾಲಿ ಎನ್ನುತ್ತಾರೆ. ಅದರಿಂದ ಮುಕ್ಕೋನದ ಹಾಯಿಯು ಇಳಿಬಿದ್ದಿರುತ್ತದೆ. ಗಾಳಿ ಒಂದು ಪಕ್ಕದಿಂದ ಬರುವಷ್ಟು ಹೊತ್ತೂ ಇದರಷ್ಟು ಚೆಲುವಾಗಿ ನಡೆಯುವ ಹಡಗು ಬೇರಿಲ್ಲ. ದಿಕ್ಕು ಬದಲಿಸಬೇಕಾದಾಗ ಮಾತ್ರ ಪರೀಕ್ಷೆ. ಭಾರವಾದ ಆ ಅಡ್ಡಮರವನ್ನು ಕೂವೆಮರದ ಈಚೆಯಿಂದ ಆಚೆಗೆ ಹೊರಳಿಸಿ, ಹಾಯಿಯನ್ನು ಇನ್ನೊಂದು ಮಗ್ಗುಲಿಗೆ ಒಯ್ದು, ಹಗ್ಗಗಳನ್ನು ಮರಳಿ ಬಿಗಿಯಬೇಕು. ಈ ನಡುವೆ ಎದುರುಗಾಳಿ ಹಾಯಿಯನ್ನು ಕೂವೆಗೆ ಒತ್ತಿಬಿಟ್ಟರೆ ಹಡಗು ಮಗುಚುವ ಭಯ. ಹಾಯಿ ತುಂಬಿ ಹಡಗು ವಾಲತೊಡಗಿದೊಡನೆ ಗಾಳಿ ಬರುವ ಮಗ್ಗುಲಿನಿಂದ ಉದ್ದವಾದ ಹಲಗೆಯೊಂದನ್ನು ನೀರಿನ ಮೇಲೆ ಚಾಚುತ್ತಾರೆ. ಆಳುಗಳು ಅದರ ಮೇಲೆ ಸಾಲಾಗಿ ಕುಳಿತು ತಮ್ಮ ಮೈಭಾರದಿಂದಲೇ ಹಡಗನ್ನು ನೆಟ್ಟಗೆ ನಿಲ್ಲಿಸುವರು. ಹಾಯಿ ಹೊರಳಿದರೆ ಹಲಗೆಯೂ ಆಳುಗಳೂ ಒಮ್ಮೆಲೇ ಆಚೆಯ ಮಗ್ಗುಲಿಗೆ ಹಾರಬೇಕು. ಒಬ್ಬನು ತಡಮಾಡಿದರೆ ಎಲ್ಲರೂ ನೀರಿಗೆ. ಇಷ್ಟರ ನಡುವೆ ಒಳಗೆ ತುಂಬುವ ನೀರನ್ನು ಒಬ್ಬನು ಬಿಡುವಿಲ್ಲದೆ ಮೊಗೆಯುತ್ತಿರಬೇಕು.

ಇಂಗ್ಲೆಂಡಿನ ಆ ಪಂದ್ಯದ ದೋಣಿಯು ಪಂದ್ಯಕ್ಕಾಗಿಯೇ ಹುಟ್ಟಿದುದು. ಅದರಲ್ಲಿ ಯಾರೂ ಒಂದು ಮೂಟೆ ಧಾನ್ಯವನ್ನು ಸಾಗಿಸಿದವರಲ್ಲ. ಲಾಮುವಿನ ಹಡಗು ನಿನ್ನೆಯವರೆಗೆ ದುಡಿದು ಇಂದು ಅಲಂಕರಿಸಿಕೊಂಡು ಬರುವ ಎತ್ತಿನಂತೆ. ನಮ್ಮ ಊರುಗಳಲ್ಲಿ ಸಂಕ್ರಾಂತಿಯ ದಿನ ಎತ್ತುಗಳನ್ನು ಕಿಚ್ಚು ಹಾಯಿಸುವುದನ್ನು ಕಂಡವರಿಗೆ ಆ ದಿನದ ಹುರುಪಿನ ಹಿಂದೆ ಇಡೀ ವರ್ಷದ ನೊಗವಿರುವುದು ತಿಳಿದಿದೆ. ನೊಗವೇ ಇಲ್ಲದೆ ಹೋದ ಮೇಲೆ ಹಬ್ಬ ಎಷ್ಟು ವರ್ಷ ನಿಲ್ಲಬಲ್ಲುದು? ಬಹುಮಾನ, ಪ್ರವಾಸಿಗಳ ಮೆಚ್ಚಿಕೆ, ಇವುಗಳ ಬಲದ ಮೇಲೆ ಪಂದ್ಯವನ್ನು ನಡೆಸಬಹುದು ಎನ್ನುವವರಿದ್ದಾರೆ. ನಮಗೆ ಪೂರ್ಣ ನಂಬಿಕೆಯಿಲ್ಲ. ಆದರೂ ಪಂದ್ಯವಿಲ್ಲದಿದ್ದರೆ ಅಡ್ಡಮರವನ್ನು ಹೊರಳಿಸುವ ವಿದ್ಯೆಯನ್ನು ಎಳೆಯರು ಕಲಿಯುವ ಕಾರಣವೇ ಉಳಿಯುತ್ತಿರಲಿಲ್ಲವೆಂಬುದನ್ನು ಒಪ್ಪಬೇಕು.

ಮಾಂಡಾ ಕೊಲ್ಲಿಯಲ್ಲಿ ಸರ್ಕಾರವು ಕಟ್ಟಿಸಿದ ದೊಡ್ಡ ಬಂದರಿನ ಮೊದಲ ಕಟ್ಟೆ 2021ರಲ್ಲಿ ಕೆಲಸಕ್ಕೆ ತೊಡಗಿತು. ಅದರಿಂದ ಮೀನುಗಾರರಿಗಾದ ನಷ್ಟಕ್ಕಾಗಿ 176 ಕೋಟಿ ಕೀನ್ಯಾ ಶಿಲಿಂಗುಗಳ ಪರಿಹಾರವನ್ನು ಕೊಡತಕ್ಕದ್ದೆಂದು ಉಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತ್ತು. ಅದೇ 2018ರಲ್ಲಿ ಲಾಮುವಿನ ಬಡಗಿಗಳು ಕಡಲದಡದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಕಸವನ್ನು ಕರಗಿಸಿ ಹಲಗೆಗಳನ್ನಾಗಿ ಮಾಡಿ, ಅವುಗಳಿಂದ ಹಾಯಿಹಡಗೊಂದನ್ನು ಕಟ್ಟಿದರು. ಅದರ ಮೈಗೆಲ್ಲ ಹರಿದ ರಬ್ಬರು ಚಪ್ಪಲಿಗಳ ತುಂಡುಗಳ ಹೊದಿಕೆ. 2019ರಲ್ಲಿ ಅದು ಸುಮಾರು 500 ಕಿಲೋಮೀಟರು ತೇಲಿ ಜಾಂಜಿಬಾರನ್ನು ಮುಟ್ಟಿತು. ನೋಟಕ್ಕೆ ಅದು ವಿಚಿತ್ರವೇ. ಆದರೆ ಹಲಗೆ ಮರದ್ದಲ್ಲವಾದರೂ ಅದನ್ನು ಕೊರೆದು ಜೋಡಿಸಿದ ಕೈಗಳು ಹಳೆಯವೇ.

ಲಾಮು ದ್ವೀಪದ ಪಡುವಣ ಮಗ್ಗುಲಿನ ಮಟೊಂಡೊನಿ ಗ್ರಾಮವು ಹಡಗು ಕಟ್ಟುವವರ ಊರು. ಅಲ್ಲಿ ಕಾಗದದ ಮೇಲೆ ನಕ್ಷೆಯನ್ನು ಬರೆಯುವ ಪದ್ಧತಿಯಿಲ್ಲ. ತಾನಾಗಿ ಬಾಗಿ ಬೆಳೆದ ಕೊಂಬೆಯನ್ನೇ ಹುಡುಕಿ ತಂದು ಹಡಗಿನ ಪಕ್ಕೆಲುಬನ್ನಾಗಿ ಮಾಡುವರು, ಬಾಚಿಯಿಂದ ಕೆತ್ತುವರು, ಸಂದುಗಳಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ತುರುಕುವರು. ಹಡಗಿನ ಮುಂಭಾಗದ ಎರಡು ಕಡೆಗಳಲ್ಲಿಯೂ ಮರದಲ್ಲಿ ಕೆತ್ತಿದ ದುಂಡನೆಯ ಕಣ್ಣುಗಳನ್ನು ಇಡುವುದು ಅಲ್ಲಿಯ ವಾಡಿಕೆ. ಕಣ್ಣಿಟ್ಟ ಮೇಲೆ ಭರತದ ವೇಳೆಯನ್ನು ನೋಡಿ ಅದನ್ನು ನೀರಿಗೆ ನೂಕುತ್ತಾರೆ.