ಆಟದ ಸಾಮ್ರಾಜ್ಯದಲ್ಲಿ ಬಾದಾಮಿ ಎಲ್ಲಿದೆ?

(ಹುಬ್ಬಳ್ಳಿಯಲ್ಲಿ ಕನ್ನಡದ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಠ್ಯ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮನೆ ಸೇರಿದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಹ್ಯಾಂಡ್‌ಬಿಲ್ಲು, ಚಳವಳಿಯ ಕರಪತ್ರ, ಇವೇ ನಾನು ಅಚ್ಚು ಹಾಕಿದ ಸಾಹಿತ್ಯ. ಇಂಥವನು ಇವತ್ತು ಕಂಪ್ಯೂಟರ್ ಆಟದ ಬಗ್ಗೆ ಮಾತಾಡುತ್ತೇನೆಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ. ನಕ್ಕ ಮೇಲೆ ಮಾತ್ರ ಸ್ವಲ್ಪ ಕಿವಿಗೊಡಿ.

ಸಾಮ್ರಾಜ್ಯ ಕಟ್ಟುವ ಆಟಗಳು ನಿಮಗೆ ಗೊತ್ತು. ಕೈಯಲ್ಲಿ ಮೂರೋ ನಾಲ್ಕೋ ಜನ ರೈತರು. ಅವರನ್ನು ಕಾಡಿಗೆ ಕಳಿಸಿ ಮರ ಕಡಿಸಬೇಕು, ಕಾಳು ಕೂಡಿಸಬೇಕು, ಕಲ್ಲು ಒಡೆಸಬೇಕು, ಚಿನ್ನ ಅಗೆಸಬೇಕು. ಆಮೇಲೆ ಕೋಟೆ, ಆಮೇಲೆ ಸೈನ್ಯ, ಆಮೇಲೆ ಪಕ್ಕದವನ ಊರು. 1997ರಲ್ಲಿ 'ಏಜ್ ಆಫ್ ಎಂಪೈರ್ಸ್' ಬಂದಾಗ ನಮ್ಮ ವಯಸ್ಸಿನ ಹುಡುಗರು ಸೈಬರ್ ಕೆಫೆಗಳಲ್ಲಿ ತಾಸಿಗೆ ಇಷ್ಟು ಎಂದು ರೊಕ್ಕ ಕೊಟ್ಟು ಕೂತು ಆಡಿದರು. ಅದಕ್ಕೂ ಮೊದಲು, 1991ರಲ್ಲೇ, 'ಸಿವಿಲೈಜೇಷನ್' ಬಂದಿತ್ತು. ಇವತ್ತು ನೀವು ಅವುಗಳ ಮಕ್ಕಳು ಮೊಮ್ಮಕ್ಕಳನ್ನು ಆಡುತ್ತಿದ್ದೀರಿ.

ಈಗ ಒಂದು ಲೆಕ್ಕ ಕೇಳಿ. 1997ರ ಆ ಮೊದಲ ಆಟದಲ್ಲಿ 12 ಪ್ರಾಚೀನ ನಾಗರಿಕತೆಗಳಿದ್ದವು. ಈಜಿಪ್ಟ್ ಇತ್ತು, ಗ್ರೀಸ್ ಇತ್ತು, ಪರ್ಷಿಯಾ ಇತ್ತು, ಬ್ಯಾಬಿಲೋನ್ ಇತ್ತು, ಜಪಾನಿನ ಯಮಾಟೊ, ಕೊರಿಯಾದ ಚೋಸನ್ ಕೂಡ ಇದ್ದವು. 1998ರಲ್ಲಿ ರೋಮ್, ಕಾರ್ಥೇಜ್ ಮುಂತಾದ ಇನ್ನೂ 4 ಸೇರಿದವು. ಒಟ್ಟು 16. ಅದರಲ್ಲಿ ಭಾರತದ್ದು ಒಂದೂ ಇಲ್ಲ! ಸಿಂಧೂ ಕಣಿವೆಯೂ ಇಲ್ಲ, ಮಗಧವೂ ಇಲ್ಲ. ಹೀಗಿರುವಾಗ ಬನವಾಸಿಯ ಮಾತೆಲ್ಲಿ?

ಮುಂದೆ ಭಾರತ ಬಂತು. ಹೇಗೆ ಬಂತು ನೋಡಿ. 'ಏಜ್ ಆಫ್ ಎಂಪೈರ್ಸ್' ಎರಡನೆಯ ಆಟದಲ್ಲಿ 2013ರಲ್ಲಿ ಇಡೀ ದೇಶವನ್ನು 'ಇಂಡಿಯನ್ಸ್' ಎಂಬ ಒಂದೇ ಚೀಲದಲ್ಲಿ ತುಂಬಿದರು. 2022ರಲ್ಲಿ ಆ ಚೀಲ ಬಿಚ್ಚಿ ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕು ಮಾಡಿದರು. ದ್ರಾವಿಡರು ಎಂದರೆ ಯಾರು? ಅವರ ಕಥೆಯ ನಾಯಕ ರಾಜೇಂದ್ರ ಚೋಳ. ಅವರ ಸೈನಿಕರು ಆಡುವ ಮಾತು ತಮಿಳು. 2025ರಲ್ಲಿ ಬಂದ 'ಸಿವಿಲೈಜೇಷನ್' ಏಳನೆಯ ಆಟದಲ್ಲೂ ಮೌರ್ಯರಿದ್ದಾರೆ, ಚೋಳರಿದ್ದಾರೆ. ಚಾಲುಕ್ಯರಿಗೆ ಅಲ್ಲಿ ತಮ್ಮದೇ ಆದ ಸ್ಥಾನವಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ತಮಿಳರ ಮೇಲೆ ನನಗೆ ಸಿಟ್ಟಿಲ್ಲ. ಚೋಳರು ದೊಡ್ಡವರು, ಅವರು ಆಟದಲ್ಲಿ ಬಂದದ್ದು ನ್ಯಾಯವೇ. ತಮಿಳರು ತಮ್ಮ ರಾಜರ ಕಥೆಯನ್ನು ಕಾದಂಬರಿ ಮಾಡಿದರು, ಸಿನಿಮಾ ಮಾಡಿದರು, ಮನೆಮನೆಯಲ್ಲಿ ಮಾತಾಡಿದರು. ಹೊರಗಿನವನ ಕಿವಿಗೆ ಅದು ಬಿತ್ತು. ನಾವು ನಮ್ಮದನ್ನು ಪರೀಕ್ಷೆಯ ಐದು ಅಂಕದ ಪ್ರಶ್ನೆ ಮಾಡಿ, ಬರೆದು, ಮರೆತೆವು. ನನ್ನ ಸಿಟ್ಟು ಈ ಮರೆವಿನ ಮೇಲೆ.

ನಮ್ಮಲ್ಲಿ ಆಟಕ್ಕೆ ಬೇಕಾದ ಸರಕು ಇಲ್ಲವೇ? ಇಲ್ಲಿಂದ ಬಸ್ಸು ಹತ್ತಿ ಬಾದಾಮಿಗೆ ಹೋಗಿ. ಕ್ರಿ.ಶ. 543ರಲ್ಲಿ ಒಂದನೆಯ ಪುಲಕೇಶಿ ಅಲ್ಲಿ ಕೋಟೆ ಕಟ್ಟಿದ. ಅಲ್ಲೇ ಯಾಕೆ? ಎರಡೂ ಕಡೆ ನೆಟ್ಟಗೆ ನಿಂತ ಕೆಂಪು ಬಂಡೆ, ನಡುವೆ ಕೆರೆ. ಶತ್ರು ಹತ್ತುವುದು ಕಷ್ಟ, ಒಳಗಿದ್ದವರಿಗೆ ನೀರು ಉಂಟು, ಕಟ್ಟುವುದಕ್ಕೆ ಕಲ್ಲು ಕಾಲಬುಡದಲ್ಲೇ ಉಂಟು. ಆಟದಲ್ಲಿ ನೀವು ಮೊದಲ ಐದು ನಿಮಿಷ ನಕಾಶೆಯಲ್ಲಿ ಹುಡುಕಾಡುವುದು ಇದನ್ನೇ ಅಲ್ಲವೇ? ಪುಲಕೇಶಿ ಅದನ್ನು ನೆಲದ ಮೇಲೆ ಮಾಡಿದ.

ಬಾದಾಮಿಯಿಂದ ಐಹೊಳೆಗೆ ಹೋಗಿ, ಮೇಗುಟಿ ಗುಡ್ಡ ಹತ್ತಿ. ಅಲ್ಲಿ ರವಿಕೀರ್ತಿ 634ರಲ್ಲಿ ಬರೆಸಿದ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ನಮ್ಮ ಹಳಗನ್ನಡ ಲಿಪಿ. ಅದರಲ್ಲಿ ಇಮ್ಮಡಿ ಪುಲಕೇಶಿಯ ಕಥೆ ಹೇಗೆ ಸಾಗುತ್ತದೆ ಗೊತ್ತೇ? ಮೊದಲು ಚಿಕ್ಕಪ್ಪ ಮಂಗಳೇಶನ ಜೊತೆ ಮನೆಯೊಳಗಿನ ಯುದ್ಧ. ನಾಡು ಒಡೆದ ಹೊತ್ತು ನೋಡಿ ಅಪ್ಪಾಯಿಕ, ಗೋವಿಂದ ಎಂಬ ಇಬ್ಬರು ಭೀಮಾ ನದಿಯ ಕಡೆಯಿಂದ ಏರಿ ಬರುತ್ತಾರೆ. ಒಬ್ಬ ಓಡಿಹೋಗುತ್ತಾನೆ, ಇನ್ನೊಬ್ಬ ಮಿತ್ರನಾಗುತ್ತಾನೆ. ಆಮೇಲೆ ಬನವಾಸಿಗೆ ಮುತ್ತಿಗೆ. ಗಂಗರು, ಆಳುಪರು ಒಲಿಯುತ್ತಾರೆ. ಕೊಂಕಣದ ಮೌರ್ಯರ ಪುರಿಯ ಮೇಲೆ ನೂರಾರು ಹಡಗುಗಳ ದಾಳಿ. ಉತ್ತರಕ್ಕೆ ಲಾಟ, ಮಾಳವ, ಗುರ್ಜರ. ನಂತರ ಉತ್ತರಾಪಥದ ದೊರೆ ಹರ್ಷನ ಆನೆಗಳ ಸೋಲು. 99,000 ಹಳ್ಳಿಗಳ ಮೂರು ಮಹಾರಾಷ್ಟ್ರಕಗಳು. ಕೊನೆಗೆ ಪೂರ್ವ ಕರಾವಳಿ, ಪಲ್ಲವರ ಬಾಗಿಲು.

ತಮ್ಮಂದಿರೇ, ಇದು ಶಾಸನವೋ, ಆಟದ ಹಂತಗಳ ಪಟ್ಟಿಯೋ? ಒಂದೊಂದು ಸಾಲೂ ಒಂದೊಂದು ಹಂತ. ಮನೆಜಗಳ, ಮುತ್ತಿಗೆ, ಮೈತ್ರಿ, ನೌಕಾಯುದ್ಧ, ಎಲ್ಲ ಇದೆ. ಚೀನಾದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಕೂಡ ಹರ್ಷನಿಗೆ ಈ ನಾಡು ಬಗ್ಗಲಿಲ್ಲ ಎಂದು ಬರೆದಿದ್ದಾನೆ.

ಶಾಸನ ನಿಂತ ಮೇಲೂ ಕಥೆ ನಿಲ್ಲಲಿಲ್ಲ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನೇ ಗೆದ್ದ. ಹನ್ನೆರಡು ಹದಿಮೂರು ವರ್ಷ ರಾಜಧಾನಿ ಪರರ ಕೈಯಲ್ಲಿತ್ತು. ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ಅದನ್ನು ಮರಳಿ ಪಡೆದ. ಮುಂದೆ ಎಂಟನೆಯ ಶತಮಾನದಲ್ಲಿ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಹಳೆಯ ಸೇಡು ಮನೆಯಲ್ಲಿತ್ತು. ಸುಡಬಹುದಿತ್ತು, ದೋಚಬಹುದಿತ್ತು. ಆತ ಏನು ಮಾಡಿದ? ಕೈಲಾಸನಾಥ ದೇವಾಲಯದ ಸಂಪತ್ತನ್ನು ನೋಡಿ, ದೇವರಿಗೇ ಬಿಟ್ಟುಕೊಟ್ಟ. ಹಾಗೆಂದು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಕಂಚಿಯಲ್ಲಿ, ಕನ್ನಡದಲ್ಲಿ! ಆ ಶಾಸನ ಇವತ್ತಿಗೂ ಇದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇವತ್ತಿನ ವಿರೂಪಾಕ್ಷ ದೇವಾಲಯ.

ಈಗ ಹೇಳಿ, ನೀವು ಆಡುವ ಆಟದಲ್ಲಿ ಊರು ಗೆದ್ದ ಮೇಲೆ ಏನು ಮಾಡುತ್ತೀರಿ? ಉರುಳಿಸುತ್ತೀರಿ. ಗೆದ್ದದ್ದನ್ನು ಕೈಮುಗಿದು ಬಿಟ್ಟುಕೊಡು ಎಂಬ ಗುಂಡಿ ಎಷ್ಟು ಆಟಗಳಲ್ಲಿದೆ? ನಾವು ಆಟ ಮಾಡಿದರೆ ಅಂಥ ಗುಂಡಿ ಇರಬೇಕು, ಅದನ್ನು ಒತ್ತಿದವನಿಗೆ ಹೆಚ್ಚು ಅಂಕ ಸಿಗಬೇಕು. ಬರೀ ಕತ್ತಿ ಹಿಡಿದ ಪುಲಕೇಶಿಯ ಚಿತ್ರ ಆಟೋದ ಹಿಂದೆ ಅಂಟಿಸಿಕೊಂಡರೆ ಸಾಲದು. ಕನ್ನಡದ ಸಾಮ್ರಾಜ್ಯ ಹೇಗೆ ಗೆದ್ದಿತು ಎನ್ನುವಷ್ಟೇ, ಗೆದ್ದ ಮೇಲೆ ಹೇಗೆ ನಡೆದುಕೊಂಡಿತು ಎನ್ನುವುದೂ ಜಗತ್ತಿಗೆ ಗೊತ್ತಾಗಬೇಕು.

"ಇದು ಬರೀ ಆಟ, ಇದರಲ್ಲೇಕೆ ಭಾಷೆ ತರುತ್ತೀರಿ?" ಎಂದು ಕೇಳುವವರಿದ್ದಾರೆ. ಅವರಿಗೆ ಎರಡು ಉತ್ತರ.

ಮೊದಲನೆಯದು: ಆಟ ನಮಗೆ ಕೀಳಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆದಾಗ ಚದುರಂಗ, ಪಗಡೆಗಳಿಗೂ ಅದರಲ್ಲಿ ಜಾಗ ಕೊಟ್ಟ. ಹಂಪಿಯ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದದ್ದು ಇವತ್ತೂ ಕಾಣುತ್ತದೆ.

ಎರಡನೆಯದು: ಭಾಷೆಯನ್ನು ತಂದವರು ನಾವಲ್ಲ, ಅವರು. 'ಏಜ್ ಆಫ್ ಎಂಪೈರ್ಸ್' ಎರಡರ ಹೊಸ ಆವೃತ್ತಿಯನ್ನು ಹಿಂದಿಯಲ್ಲಿ ಓದಿಕೊಂಡು ಆಡಬಹುದು. ಮಲಯ ಭಾಷೆಯಲ್ಲೂ ಆಡಬಹುದು, ವಿಯೆಟ್ನಾಮಿ ಭಾಷೆಯಲ್ಲೂ ಆಡಬಹುದು. ಕನ್ನಡದಲ್ಲಿ ಆಗದು. ಹತ್ತು ವರ್ಷದ ಹುಡುಗ ದಿನಕ್ಕೆರಡು ತಾಸು ಯಾವ ಭಾಷೆಯಲ್ಲಿ ಕೋಟೆ ಕಟ್ಟುತ್ತಾನೋ, ಆ ಭಾಷೆಯೇ ಅವನಿಗೆ ಶಕ್ತಿಯ ಭಾಷೆ ಎನಿಸುತ್ತದೆ. ಕನ್ನಡ ಅವನಿಗೆ ಅಜ್ಜಿ ಊಟಕ್ಕೆ ಕರೆಯುವ ಭಾಷೆಯಾಗಿ ಉಳಿಯುತ್ತದೆ. ನನಗಿರುವ ಭಯ ಇದೇ.

ಆಗುವುದೇ ಇದು ಎಂದು ಕೇಳಬೇಡಿ. ನನ್ನ ಕಸುಬಿನಿಂದಲೇ ಹೇಳುತ್ತೇನೆ. ಸೀಸದ ಮೊಳೆ ಹೋಗಿ ಡಿಟಿಪಿ ಬಂದ ಕಾಲದಲ್ಲಿ, ಕಂಪ್ಯೂಟರಿನಲ್ಲಿ ಕನ್ನಡ ಕಷ್ಟ, ಒತ್ತಕ್ಷರ ಕೂಡುವುದಿಲ್ಲ ಎಂದವರಿದ್ದರು. ಕೆ.ಪಿ. ರಾವ್ ಅವರು ಕನ್ನಡಕ್ಕೆ ಒಪ್ಪುವ ಕೀಲಿಮಣೆ ವಿನ್ಯಾಸ ಮಾಡಿದರು. 1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ದೊಡ್ಡ ಕಂಪನಿ ಕರುಣೆ ತೋರಲಿ ಎಂದು ಇವರು ಕಾಯಲಿಲ್ಲ. ಮೊದಲು ನಮ್ಮವರು ಮಾಡಿ ತೋರಿಸಿದರು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ಅಕ್ಷರ ಕಂಡದ್ದು ಆಮೇಲೆ.

ಆದ್ದರಿಂದ ನಿಮಗೆ ಮೂರು ಕೆಲಸ ಹೇಳುತ್ತೇನೆ.

ಒಂದು: 'ಏಜ್ ಆಫ್ ಎಂಪೈರ್ಸ್' ಆಟದೊಳಗೇ ನಕಾಶೆ, ಯುದ್ಧ, ಕಥೆ ರೂಪಿಸುವ ಸಲಕರಣೆ ಮೊದಲಿನಿಂದಲೂ ಇದೆ. ನಿಮ್ಮಲ್ಲಿ ನಾಲ್ಕು ಜನ ಕೂತು ಐಹೊಳೆ ಶಾಸನದ ಒಂದು ಹಂತ ಮಾಡಿ. ಬನವಾಸಿಯ ಮುತ್ತಿಗೆಯಿಂದ ಶುರು ಮಾಡಿ. ಮಾತುಗಳನ್ನು ಕನ್ನಡದಲ್ಲಿ ಬರೆಯಿರಿ. ಸಂಶಯ ಬಂದರೆ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಬಾಗಿಲು ತಟ್ಟಿ. ನಮ್ಮ ಅವಳಿ ನಗರದಲ್ಲಿ ಇಂಜಿನಿಯರ್‌ಗಳೂ ಇದ್ದಾರೆ, ಶಾಸನ ಓದುವವರೂ ಇದ್ದಾರೆ. ಇಬ್ಬರೂ ಒಂದೇ ಮೇಜಿಗೆ ಕೂತಿಲ್ಲ, ಅಷ್ಟೇ.

ಎರಡು: ಆಟದ ಕಂಪನಿಗಳಿಗೆ ಕನ್ನಡ ಬೇಕೆಂದು ಬರೆಯಿರಿ. ಬೈದು ಬರೆಯಬೇಡಿ. ನಾವು ಇಷ್ಟು ಜನ ಕೊಳ್ಳುವವರಿದ್ದೇವೆ, ಅನುವಾದ ಮಾಡಿಕೊಡುವವರೂ ಇದ್ದೇವೆ ಎಂದು ಬರೆಯಿರಿ.

ಮೂರು: ಸರ್ಕಾರವನ್ನು ಕೇಳಿ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ದೇಶದಲ್ಲಿ ಮೊದಲು ನೀತಿ ತಂದದ್ದು ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿಯೂ ಬಂತು. ಕರ್ನಾಟಕದ ತೆರಿಗೆ ಹಣದ ನೆರವು ಪಡೆದು ಮಾಡಿದ ಆಟದಲ್ಲಿ ಕನ್ನಡ ಇರಲೇಬೇಕು ಎಂಬ ಷರತ್ತು ಹಾಕಿ ಎನ್ನಿ. ಇದು ಭಿಕ್ಷೆಯಲ್ಲ, ಹಕ್ಕು.

ಪುಲಕೇಶಿಯ ಕಥೆ ಇಷ್ಟು ವಿವರವಾಗಿ ಉಳಿದದ್ದು ರವಿಕೀರ್ತಿ ಅದನ್ನು ತನ್ನ ಕಾಲದ ಗಟ್ಟಿ ವಸ್ತುವಾದ ಕಲ್ಲಿನ ಮೇಲೆ ಬರೆಸಿದ್ದರಿಂದ. ನಾನು ನನ್ನ ಕಾಲದ ಕಾಗದದ ಮೇಲೆ ಕನ್ನಡ ಅಚ್ಚು ಹಾಕುತ್ತಿದ್ದೇನೆ. ನಿಮ್ಮ ಕಾಲದ ವಸ್ತು ಆ ಬೆಳಗುವ ಪರದೆ. ಅದರ ಮೇಲೆ ಬರೆಯುವವರು ನೀವೇ.

ಜೈ ಕರ್ನಾಟಕ.