ಉಂಡು ಮಲಗಿದ ಮೇಲೂ ಮುಗಿಯದ ಜಗಳ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಆರೋಗ್ಯದ ಬಗ್ಗೆ ನಾಲ್ಕು ಮಾತಾಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ, ಸಕ್ಕರೆ ಕಾಯಿಲೆಯ ಬಗ್ಗೆ ಮಾತನಾಡುತ್ತೇವೆಂದು ಅವರು ಭಾವಿಸಿರಬಹುದು. ಕ್ಷಮಿಸಬೇಕು. ನಾವಿಂದು ಹೇಳಬೇಕೆಂದಿರುವುದು ಮನೆಯೊಳಗೆ ಹೆಣ್ಣಿನ ಮೇಲೆ ಬೀಳುವ ಏಟಿನ ಬಗ್ಗೆ, ಏಟು ತಿಂದವಳ ಬಗ್ಗೆ ಊರೆಲ್ಲ ಕಟ್ಟುವ ಸಿದ್ಧಾಂತಗಳ ಬಗ್ಗೆ.

ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಗ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದೆವು. 'ಸ್ಟೌವ್ ಸಿಡಿಯಿತು' ಎಂದು ಬಂದವರಲ್ಲಿ ಹೆಚ್ಚಿನವರು ಹೊಸದಾಗಿ ಮದುವೆಯಾದ ಹುಡುಗಿಯರು. ಅದೇ ಸ್ಟೌವ್ ಅತ್ತೆಯ ಕೈಯಲ್ಲಿ ಯಾಕೆ ಸಿಡಿಯುವುದಿಲ್ಲ ಎಂದು ನಾವು ಕೇಳಲಿಲ್ಲ. 'ಆಕಸ್ಮಿಕ' ಎಂದು ಬರೆದು ಮುಂದಿನ ಹಾಸಿಗೆಗೆ ಹೋದೆವು. ಬೆಂಗಳೂರಿನ ವಿಮೋಚನಾ ಸಂಘಟನೆಯ ಮಹಿಳೆಯರು 1990ರ ದಶಕದಲ್ಲೇ ಇಂಥ ಸಾವುಗಳ ಬೆನ್ನುಹತ್ತಿ ಆ ಪ್ರಶ್ನೆ ಕೇಳಿದ್ದರು.

ಓದಿದವರ ಸಿದ್ಧಾಂತಗಳೂ ಇದಕ್ಕಿಂತ ಮೇಲಾಗಿರಲಿಲ್ಲ. 1964ರಲ್ಲಿ ಅಮೆರಿಕದ ಮೂವರು ಮನೋವೈದ್ಯರು ಹೆಂಡತಿಯನ್ನು ಹೊಡೆಯುವ ಗಂಡಸರ ಬಗ್ಗೆ ಲೇಖನ ಬರೆಯಹೊರಟರು. ಗಂಡಂದಿರು ಮಾತಿಗೆ ಸುಲಭವಾಗಿ ಸಿಗಲಿಲ್ಲ, ಹೆಂಡತಿಯರು ಸಿಕ್ಕರು. ಕೊನೆಗೆ ದೋಷವೆಲ್ಲ ಹೆಂಡತಿಯ ಸ್ವಭಾವದಲ್ಲೇ ಕಂಡಿತು! 1966ರಲ್ಲಿ ಮೆಲ್ವಿನ್ ಲರ್ನರ್ ಎಂಬ ಮನಶ್ಶಾಸ್ತ್ರಜ್ಞರು ಇದರ ಗುಟ್ಟನ್ನು ತೋರಿಸಿದರು. ತಪ್ಪು ಉತ್ತರಕ್ಕೆ ವಿದ್ಯುತ್ ಆಘಾತ ಪಡೆಯುವಂತೆ ನಟಿಸುತ್ತಿದ್ದ ಹೆಣ್ಣೊಬ್ಬಳನ್ನು ನೋಡುತ್ತಿದ್ದವರು, ತಮ್ಮಿಂದ ಅದನ್ನು ನಿಲ್ಲಿಸಲಾಗದು ಎಂದಾದಾಗ ಅವಳನ್ನೇ ಹೀಗಳೆಯತೊಡಗಿದರು. ಲೋಕ ನ್ಯಾಯವಾಗಿದೆ ಎಂದು ನಂಬಬೇಕಾದರೆ ನರಳುವವಳು ತಪ್ಪು ಮಾಡಿರಲೇಬೇಕಲ್ಲ!

1979ರಲ್ಲಿ ಲೆನೋರ್ ವಾಕರ್ ಅವರು, ಏಟು ತಿಂದು ತಿಂದು ಹೆಣ್ಣು ಅಸಹಾಯಕತೆಯನ್ನೇ ಕಲಿಯುತ್ತಾಳೆ ಎಂದರು. ಇದು ಅನುಕಂಪದ ಮಾತು, ಆದರೂ ಅರ್ಧ ಸತ್ಯ. 1988ರಲ್ಲಿ ಗೊಂಡಾಲ್ಫ್ ಮತ್ತು ಫಿಶರ್ ಎಂಬವರು ಟೆಕ್ಸಾಸಿನ ಆಶ್ರಯಧಾಮಗಳಿಗೆ ಬಂದ ಸಾವಿರಾರು ಹೆಂಗಸರ ವಿವರ ನೋಡಿ ಬೇರೆಯೇ ಹೇಳಿದರು: ಇವರು ಸುಮ್ಮನೆ ಕೂತವರಲ್ಲ, ಬಾಗಿಲು ತಟ್ಟಿದವರು. ತೆರೆಯದಿದ್ದುದು ಬಾಗಿಲು.

ನಮ್ಮಲ್ಲಿ ಇಂಥದ್ದಿಲ್ಲ ಎನ್ನುತ್ತೀರಾ? ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆಯ (2019-21) ಪ್ರಕಾರ, ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರ ಪ್ರಮಾಣ ಕರ್ನಾಟಕದಲ್ಲಿ ಶೇ. 44. ರಾಜ್ಯಗಳಲ್ಲೆಲ್ಲ ಇದೇ ಹೆಚ್ಚು. ವಿಮಾನ ಹತ್ತಿದ ಮಾತ್ರಕ್ಕೆ ಈ ಲೆಕ್ಕ ಮಂಗಳೂರಿನಲ್ಲೇ ಉಳಿಯುವುದಿಲ್ಲ.

ಇಲ್ಲಿ ಬಾಗಿಲುಗಳು ಇನ್ನೂ ಕಡಿಮೆ. ಇಕಾಮಾ ಗಂಡನ ಹೆಸರಿನ ಮೇಲೆ, ಪಾಸ್‌ಪೋರ್ಟು ಅವನ ಬೀರುವಿನಲ್ಲಿ, ಎಕ್ಸಿಟ್ ರೀಎಂಟ್ರಿಯೂ ಅವನ ಕೈಯಲ್ಲಿ. ತವರಿಗೆ ಫೋನ್ ಮಾಡಿದರೆ 'ಸ್ವಲ್ಪ ಹೊಂದಿಕೊಂಡು ಹೋಗು ಮಗಳೇ' ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ಕನ್ನಡದ ತಂಗಿಯೊಬ್ಬಳು ಮಣಿಕಟ್ಟು ಮುರಿದುಕೊಂಡು ಬಂದಳು. ಬಚ್ಚಲಲ್ಲಿ ಜಾರಿದಳು ಎಂದು ಗಂಡನೇ ಹೇಳಿದ. ನಾವೂ ಹಾಗೆಯೇ ಬರೆದೆವು. ಅವನನ್ನು ಎರಡು ನಿಮಿಷ ಹೊರಗೆ ಕೂರಿಸಲಿಲ್ಲ. ಹೌಸ್ ಸರ್ಜನ್ ಆಗಿದ್ದಾಗ ಮಾಡಿದ ತಪ್ಪನ್ನೇ ಮತ್ತೆ ಮಾಡಿದೆವು.

ಈ ನಾಡಿನಲ್ಲೂ ಮೌನ ಮುರಿದಿದೆ. 2004ರಲ್ಲಿ ಜಿದ್ದಾದ ಟಿ.ವಿ. ನಿರೂಪಕಿ ರಾನಿಯಾ ಅಲ್ ಬಾಜ್, ಗಂಡ ಹೊಡೆದು ಊದಿಸಿದ ತನ್ನ ಮುಖದ ಚಿತ್ರವನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಲು ಒಪ್ಪಿದರು. ದೇಶವೇ ಬೆಚ್ಚಿತು. ಗಂಡನಿಗೆ ಶಿಕ್ಷೆಯಾಯಿತು. 2013ರಲ್ಲಿ ದೌರ್ಜನ್ಯದಿಂದ ರಕ್ಷಣೆಯ ಕಾನೂನೇ ಬಂತು. ಅದರಡಿ ಒಂದು ತಿಂಗಳಿನಿಂದ ಒಂದು ವರ್ಷದವರೆಗೆ ಸೆರೆ, 5,000ದಿಂದ 50,000 ರಿಯಾಲ್ ದಂಡ. ಉದ್ಯೋಗದಲ್ಲಿರುವವರಿಗೆ ಇಂಥದ್ದು ತಿಳಿದುಬಂದರೆ ವರದಿ ಮಾಡುವುದು ಕರ್ತವ್ಯ. 1919 ಸಂಖ್ಯೆಗೆ ಕರೆ ಮಾಡಬಹುದು. ರಿಯಾದಿನಲ್ಲಿ ನಮ್ಮ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್ ಇವೆ.

ಸಂಘದಿಂದ ನಾವು ಕೇಳುವುದು ಎರಡೇ. ಮೊದಲನೆಯದು, ಯಾವ ಹೊತ್ತಿನಲ್ಲಾದರೂ ಫೋನ್ ಎತ್ತುವ, ಬಾಯಿ ಬಿಗಿಹಿಡಿಯಬಲ್ಲ ಇಬ್ಬರು ಅಕ್ಕಂದಿರನ್ನು ಗೊತ್ತುಮಾಡಿ. ಎರಡನೆಯದು, 'ಅವಳೇನು ಮಾಡಿದ್ದಳು?', 'ಯಾಕೆ ಬಿಟ್ಟು ಬರಲಿಲ್ಲ?' ಎಂಬ ಪ್ರಶ್ನೆಗಳನ್ನು ಬಿಟ್ಟು, 'ನಾವೇನು ಮಾಡಬೇಕು?' ಎಂದು ಕೇಳೋಣ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು ಹಿರಿಯರು. ಅದು ಜಗಳಕ್ಕೆ ಹೇಳಿದ ಗಾದೆ, ಹೊಡೆತಕ್ಕಲ್ಲ. ಏಟು ತಿಂದವಳು ಉಂಡಿರುವುದಿಲ್ಲ, ಮಲಗಿಯೂ ಇರುವುದಿಲ್ಲ. ಈ ರಾತ್ರಿ ಅವಳು ನಮ್ಮ ಬಾಗಿಲು ತಟ್ಟಿದರೆ ತೆರೆಯೋಣ.